ಏಳು ಮೂಲೆಯ ನಾಣ್ಯ

ಗ್ರಿಮ್ಸ್‌ಬಿಯಲ್ಲಿ ನಮ್ಮ ಟಿವಿಗೆ ಬೆನ್ನಲ್ಲೊಂದು ಬಾಯಿತ್ತು.
ಐವತ್ತು ಪೆನ್ಸು ನುಂಗಿದರೆ ಮಾತ್ರ
ಮುಖದಲ್ಲಿ ಬೆಳಕು.
ಬಾಡಿಗೆ ಪೆಟ್ಟಿಗೆ. ತಿಂಗಳಿಗೊಮ್ಮೆ
ಆಲರ್ಟನ್ ಎಂಬಾತ ಬಂದು ಬೀಗ ತೆಗೆದು
ಅಡುಗೆಮನೆಯ ಮೇಜಿನ ಮೇಲೆ ನಾಣ್ಯ ಸುರಿದು ಎಣಿಸುತ್ತಿದ್ದ,
ಬಾಡಿಗೆ ಮುರಿದುಕೊಂಡು ಮಿಕ್ಕಿದ್ದು ನಮ್ಮ ಕಡೆ ತಳ್ಳುತ್ತಿದ್ದ.
ನಮ್ಮ ದುಡ್ಡು ನಮಗೇ ಕೊಟ್ಟ ಉಪಕಾರಕ್ಕೆ
ಅಮ್ಮ ಅವನಿಗೆ ಎರಡು ಬಿಸ್ಕತ್ತು ಕೊಡುತ್ತಿದ್ದಳು.

ಸ್ವಿಚ್ಚು ಒತ್ತಿದ ಕೂಡಲೇ ಏನೂ ಬರುತ್ತಿರಲಿಲ್ಲ.
ಮೊದಲು ಗುಂಯ್ ಎನ್ನುವ ಸದ್ದು,
ಆಮೇಲೆ ಧೂಳು ಕಾದ ವಾಸನೆ,
ಆಮೇಲೆ ಯಾರದೋ ದನಿ,
ಎಷ್ಟೋ ಹೊತ್ತಿಗೆ ಆ ದನಿಗೊಂದು ಮುಖ.
ಅಣ್ಣ ಕ್ಲಿಫರ್ಡ್ ಟಿವಿಯ ಹಿಂದೆ ಕುರ್ಚಿ ಹತ್ತಿ
ಆಂಟೆನಾ ಹಿಡಿದು ನಿಲ್ಲಬೇಕು.
‘ಅಲ್ಲೇ! ಅಲುಗಬೇಡ!’ ಎಂದು ನಾವು ಕಿರುಚಿದಲ್ಲಿ
ಅವನು ಕಲ್ಲು.
ಎಷ್ಟೋ ಸಿನಿಮಾಗಳನ್ನು ಅವನು
ನಮ್ಮ ಮುಖದಲ್ಲೇ ನೋಡಿದ.

ಪಕ್ಕದ ಪೈಬಸ್ ಮನೆಯವರದು ಕಲರ್ ಟಿವಿ.
ಸೋಮವಾರ ಶಾಲೆಯ ದಾರಿಯಲ್ಲಿ ಅವರ ಲಿನೆಟ್‌ಳನ್ನು ಕೇಳಿ
ಭಾನುವಾರಕ್ಕೆ ಬಣ್ಣ ತುಂಬಿಕೊಳ್ಳುತ್ತಿದ್ದೆವು.
ಒಂದು ಬಣ್ಣಕ್ಕೆ ಒಂದು ಟಾಫಿ.
ಹುಡುಗಿಯ ಕೋಟು ಕೆಂಪು ಎಂದಳು,
ಕತ್ತೆ ನಸು ನೇರಳೆ ಎಂದಳು,
ನಂಬಿದೆ.

ಹೌದು, ಕತ್ತೆ. ಆ ಸಿನಿಮಾ.
ದೇಶಕ್ಕೇ ಕರೆಂಟಿಲ್ಲದ ಚಳಿಗಾಲ,
ಹತ್ತೂವರೆಗೆ ಟಿವಿಯೂ ಮಲಗಬೇಕೆಂದು ಸರ್ಕಾರದ ಅಪ್ಪಣೆ.
ಅಪ್ಪ ಐಸ್‌ಲೆಂಡಿನ ಕಡೆ ಕಾಡ್ ಮೀನಿಗೆ ಹೋಗಿದ್ದ,
ಮೂರು ವಾರ ಕಡಲು, ಮೂರು ದಿನ ಮನೆ,
ಆ ಸಲ ನಾಲ್ಕನೆಯ ವಾರವೂ ನಡೆಯುತ್ತಿತ್ತು.
ಟಿವಿಯಲ್ಲಿ ಒಬ್ಬಳು ಹುಡುಗಿ, ನನ್ನಷ್ಟೇ ಎತ್ತರ,
ಕತ್ತೆ ಹೊಡೆದುಕೊಂಡು ಹಿಮದ ಕಣಿವೆ ದಾಟುತ್ತಿದ್ದಳು
ಅಪ್ಪನನ್ನು ಹುಡುಕಿ.
ಕೊನೆಗೊಂದು ತೂಗುಸೇತುವೆ.
ಆಚೆ ತುದಿಯಲ್ಲಿ ಟೋಪಿ ಹಾಕಿದ ಗಂಡಸು.
ಹುಡುಗಿ ಓಡಿದಳು, ಹಲಗೆಗಳು ಕುಣಿದವು—

ಟಕ್.

ಚಿತ್ರವೆಲ್ಲ ಕುಗ್ಗಿ ಸಾಸಿವೆಯಷ್ಟು ಬಿಳಿ ಚುಕ್ಕಿಯಾಗಿ
ಕೊಂಚ ಹೊತ್ತು ನಿಂತು, ಹೋಯಿತು.
ಅಮ್ಮ ಟೀ ಡಬ್ಬಿ ಬಗ್ಗಿಸಿದಳು, ಅಪ್ಪನ ಹಳೇ ಕೋಟು ಒದರಿದಳು,
ಸೋಫಾದ ಸಂದಿಗೆ ಕೈ ಹಾಕಿ ಒಂದು ಗುಂಡಿ ತೆಗೆದಳು.
‘ಒಂದೂ ಇಲ್ಲ ಕಣ್ರೇ.’
ಆಮೇಲೆ ಒಲೆಯ ಮುಂದೆ ಕೂರಿಸಿಕೊಂಡು ಅವಳೇ ಮುಗಿಸಿದಳು:
ಅವನು ಅಪ್ಪನೇ. ಮತ್ತಿನ್ಯಾರು?
ಮಗಳನ್ನು ಎತ್ತಿಕೊಂಡ, ಕತ್ತೆಗೆ ಬ್ರೆಡ್ಡು ಕೊಟ್ಟ,
ಎಲ್ಲರೂ ಬಿಸಿ ಸೂಪು ಕುಡಿದು ಮಲಗಿದರು.
ನಾವೂ ಮಲಗಿದೆವು.

ಹೋದ ನವೆಂಬರಿನಲ್ಲಿ ಕ್ಲಿಫರ್ಡ್‌ನ ಸೊಂಟದ ಆಪರೇಷನ್ ಆಗಿ
ನೋಡಿಕೊಳ್ಳಲು ಹೋದವಳಿಗೆ
ಗೋಡೆಯಷ್ಟಗಲದ ಟಿವಿಯಲ್ಲಿ ಅದು ಸಿಕ್ಕಿತು.
ಸಿನಿಮಾವೇ ಕಪ್ಪುಬಿಳುಪಿನದು!
ಲಿನೆಟ್, ನನ್ನ ಟಾಫಿಗಳೆಲ್ಲ ವಾಪಸು ಕೊಡು ಮಾರಾಯ್ತಿ.
ನಕ್ಕು ನಕ್ಕು ಅಣ್ಣನ ಹೊಲಿಗೆ ನೊಂದಿತು.
ಅಷ್ಟರಲ್ಲಿ ಸೇತುವೆ ಬಂತು.

ಟೋಪಿಯವನು ಟೋಪಿ ತೆಗೆದ.
ಯಾರೋ. ಊರಿನ ಅಂಚೆಯವನಿರಬೇಕು.
ಅಪ್ಪನ ಬೂಟುಗಳನ್ನು ಅವಳ ಕೈಗಿಟ್ಟ.
ಅವಳು ಅವನ್ನು ಕತ್ತೆಯ ಮೇಲೆ ಕಟ್ಟಿ,
ಬಂದ ದಾರಿಗೆ ತಿರುಗಿದಳು.

ಬಹಳ ಹೊತ್ತಿನ ಮೇಲೆ ಕ್ಲಿಫರ್ಡ್ ಹೇಳಿದ:
‘ಅಮ್ಮನಿಗೆ ಗೊತ್ತಿತ್ತು.
ಮದುವೆಗೆ ಮುಂಚೆ ಟಾಕೀಸಿನಲ್ಲಿ ಟಿಕೆಟು ಹರಿಯುತ್ತಿದ್ದಳಲ್ಲ,
ವಾರವಿಡೀ ನೋಡಿದ್ದಳಂತೆ.
ನಾನು ಟಿವಿಯ ಹಿಂದಿದ್ದೆ, ನಿಮ್ಮ ಕಡೆ ಮುಖ ಮಾಡಿ.
ಅವಳ ಒಂದು ಕೈ ಏಪ್ರನ್ನಿನ ಜೇಬಿನಲ್ಲಿತ್ತು.
ಬಟ್ಟೆಯ ಮೇಲೆ ಏಳು ಮೂಲೆಯೂ ಎದ್ದು ಕಾಣುತ್ತಿದ್ದವು.’

ಅಪ್ಪ ಬಂದಿದ್ದ, ಆ ಗುರುವಾರ.
ಅದೇ ಮೀನಿನ ವಾಸನೆ, ಅದೇ ಕೆಮ್ಮು.
ಟಿವಿಗೊಂದು ನಾಣ್ಯ ಹಾಕಿ
ಫುಟ್‌ಬಾಲ್ ನೋಡುತ್ತ ಬಾಯಿ ತೆರೆದು ಗೊರಕೆ ಹೊಡೆದಿದ್ದ.
ಅಮ್ಮ ಆರಿಸಲು ಬಿಡಲಿಲ್ಲ.
‘ಇನ್ನೂ ದುಡ್ಡಿದೆ, ಓಡಲಿ’ ಎಂದಳು.

ನಾನು ರಿಮೋಟು ಒತ್ತಿದೆ. ಪರದೆ ಒಮ್ಮೆಗೇ ಕಪ್ಪಾಯಿತು.
ಈಗಿನವಕ್ಕೆ ಆ ಚುಕ್ಕಿ ಬರುವುದಿಲ್ಲವೆಂದು ಗೊತ್ತಿದ್ದೂ
ಇಬ್ಬರೂ ನಡುವಿನ ಆ ಜಾಗವನ್ನೇ
ನೋಡುತ್ತ ಕುಳಿತಿದ್ದೆವು.